ಪಿ0011 ಬಂದರೆ ಸೊಲೆನಾಯ್ಡ್ ಕೆಟ್ಟಿತೆಂದೇ ಅರ್ಥವಲ್ಲ

ಮಾನ್ಯರೇ,

ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ‘ಚೆಕ್ ಎಂಜಿನ್’ ದೀಪ ಹೊತ್ತುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0011 ಎಂಬ ದೋಷ ಸಂಕೇತ (ಕೋಡ್) ಬರುತ್ತದೆ. ಮುಂದಿನ ಮಾತು ಬಹಳ ಕಡೆ ಒಂದೇ: ‘ವಿವಿಟಿ ಸೊಲೆನಾಯ್ಡ್ ಹೋಗಿದೆ, ಹೊಸದು ಹಾಕಬೇಕು.’ (ವಿವಿಟಿ ಎಂದರೆ ವೇರಿಯಬಲ್ ವಾಲ್ವ್ ಟೈಮಿಂಗ್, ವಾಲ್ವ್ ತೆರೆದು ಮುಚ್ಚುವ ಹೊತ್ತನ್ನು ಬದಲಿಸುವ ಏರ್ಪಾಡು; ಸೊಲೆನಾಯ್ಡ್ ಎಂದರೆ ಅದಕ್ಕೆ ಆಯಿಲ್ ಕಳಿಸುವ, ವಿದ್ಯುತ್ತಿನಿಂದ ನಡೆಯುವ ವಾಲ್ವ್.) ಹಾಕುತ್ತಾರೆ, ಕೋಡ್ ಅಳಿಸುತ್ತಾರೆ, ದೀಪ ಆರುತ್ತದೆ. ಕೆಲವು ದಿನ ಕಳೆದು ಅದೇ ದೀಪ ಮತ್ತೆ ಹೊತ್ತುತ್ತದೆ. ಆಮೇಲೆ ಕ್ಯಾಮ್ ಸೆನ್ಸರ್ ಸರದಿ, ಅದಾದ ಮೇಲೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಸರದಿ. ವಾಹನ ಅಂಕಣಗಳಲ್ಲೂ ಪಿ0011ನ್ನು ‘ಸೊಲೆನಾಯ್ಡ್ ಕೋಡ್’ ಎಂದೇ ಬರೆಯುವುದುಂಟು. ಅದು ತಪ್ಪು, ಮತ್ತು ಕಾರಿನವರ ಜೇಬಿಗೆ ನೇರವಾಗಿ ಕೈ ಹಾಕುವ ತಪ್ಪು. ಆದ್ದರಿಂದ ಈ ಪತ್ರ. ಉದ್ದವಾಗಿದೆ, ಕತ್ತರಿಸಲೇಬೇಕಾದರೆ ಅಳತೆಗಳನ್ನು ಉಳಿಸಿ ಉಳಿದದ್ದನ್ನು ತೆಗೆಯಿರಿ.

ಮೊದಲು ಈ ಸೊಲೆನಾಯ್ಡ್ ಮಾಡುವ ಕೆಲಸ ಏನೆಂದು ನೋಡೋಣ. ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವುದು ಕ್ಯಾಮ್‌ಶಾಫ್ಟ್. ಅದನ್ನು ತಿರುಗಿಸುವುದು ಪಿಸ್ಟನ್ನುಗಳ ಬಲದಿಂದ ಸುತ್ತುವ ಕ್ರ್ಯಾಂಕ್‌ಶಾಫ್ಟಿನಿಂದ ಬರುವ ಟೈಮಿಂಗ್ ಚೈನ್. ಹಳೆಯ ಎಂಜಿನ್‌ಗಳಲ್ಲಿ ಇವೆರಡರ ನಡುವಿನ ಕೋನ ಜೋಡಿಸಿದ ದಿನ ಇದ್ದಷ್ಟೇ, ಬದಲಾಗುವಂತಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಯವಾಗಿ ಓಡಬೇಕೆಂದರೆ ಬೇಕಾದ ಟೈಮಿಂಗ್ ಒಂದು, ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡಲು ಬೇಕಾದದ್ದು ಇನ್ನೊಂದು. ವಿವಿಟಿ ಎಂಜಿನ್‌ಗಳಲ್ಲಿ ಕ್ಯಾಮಿನ ತುದಿಯ ಹಲ್ಲುಗಾಲಿ (ಸ್ಪ್ರಾಕೆಟ್) ಒಳಗೆ ಫೇಸರ್ ಎಂಬ ಡಬ್ಬಿಯಿದೆ. ಡಬ್ಬಿಯ ಹೊರಭಾಗ ಚೈನಿನ ಜೊತೆ ತಿರುಗುತ್ತದೆ, ಒಳಗಿನ ರೆಕ್ಕೆಗಳು ಕ್ಯಾಮಿಗೆ ಬಿಗಿದಿರುತ್ತವೆ. ರೆಕ್ಕೆಯ ಒಂದು ಮಗ್ಗುಲಿಗೆ ಎಂಜಿನ್ ಆಯಿಲ್ ಒತ್ತಡ ಕೊಟ್ಟರೆ ಕ್ಯಾಮ್ ಮುಂದಕ್ಕೆ ಸರಿಯುತ್ತದೆ, ಅಂದರೆ ಅಡ್ವಾನ್ಸ್ ಆಗುತ್ತದೆ. ಇನ್ನೊಂದು ಮಗ್ಗುಲಿಗೆ ಕೊಟ್ಟರೆ ಹಿಂದಕ್ಕೆ, ಅಂದರೆ ರಿಟಾರ್ಡ್. ಕ್ರ್ಯಾಂಕ್ ಕೋನದಲ್ಲಿ ಲೆಕ್ಕ ಹಾಕಿದರೆ ಈ ಓಡಾಟ ಸಾಮಾನ್ಯವಾಗಿ 40ರಿಂದ 60 ಡಿಗ್ರಿ.

ಆಯಿಲನ್ನು ಯಾವ ಮಗ್ಗುಲಿಗೆ ಕಳಿಸಬೇಕೆಂದು ತಿರುಗಿಸುವುದೇ ನಮ್ಮ ಸೊಲೆನಾಯ್ಡ್. ಪುಸ್ತಕಗಳಲ್ಲಿ ಅದಕ್ಕೆ ಆಯಿಲ್ ಕಂಟ್ರೋಲ್ ವಾಲ್ವ್ ಎಂಬ ಹೆಸರು. ಗ್ಯಾರೇಜುಗಳಲ್ಲಿ ಓಸಿವಿ ಅಥವಾ ವಿವಿಟಿ ವಾಲ್ವ್. ಹೆಬ್ಬೆರಳು ಗಾತ್ರದ ಲೋಹದ ಕೊಳವೆ, ಒಳಗೆ ಜಾರುವ ಸ್ಪೂಲ್ ಎಂಬ ಕಡ್ಡಿ, ಒಂದು ತುದಿಯಲ್ಲಿ ಸ್ಪ್ರಿಂಗ್, ಇನ್ನೊಂದು ತುದಿಯಲ್ಲಿ ತಾಮ್ರದ ಕಾಯಿಲ್. ಇಸಿಯು ಕಾಯಿಲಿಗೆ ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಕೊಟ್ಟು ತೆಗೆದು ಮಾಡುತ್ತದೆ; ಕೊಟ್ಟ ಹೊತ್ತು ಹೆಚ್ಚಾದಷ್ಟೂ ಸ್ಪೂಲ್ ಸ್ಪ್ರಿಂಗಿನ ವಿರುದ್ಧ ಹೆಚ್ಚು ಜಾರುತ್ತದೆ. ಅರ್ಧ ಹೊತ್ತು ಕರೆಂಟ್ ಇದ್ದರೆ ಸ್ಪೂಲ್ ಸುಮಾರಾಗಿ ನಡುವೆ ನಿಂತು ಎರಡೂ ದಾರಿ ಮುಚ್ಚುತ್ತದೆ, ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ. ಕರೆಂಟ್ ಪೂರ್ತಿ ಹೋದರೆ ಸ್ಪ್ರಿಂಗ್ ಸ್ಪೂಲನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಗಾಳಿ ಒಳಬಿಡುವ ವಾಲ್ವುಗಳ ಇನ್‌ಟೇಕ್ ಕ್ಯಾಮ್ ಸಾಮಾನ್ಯವಾಗಿ ಪೂರ್ತಿ ರಿಟಾರ್ಡ್ ಆಗಿ, ಹೊಗೆ ಹೊರಬಿಡುವ ವಾಲ್ವುಗಳ ಎಕ್ಸಾಸ್ಟ್ ಕ್ಯಾಮ್ ಪೂರ್ತಿ ಅಡ್ವಾನ್ಸ್ ಆಗಿ ಫೇಸರ್ ಒಳಗಿನ ಲಾಕ್ ಪಿನ್ನಿಗೆ ಸಿಕ್ಕಿಕೊಳ್ಳುತ್ತದೆ. ಇದು ನೆನಪಿರಲಿ, ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ವಾಲ್ವ್ ಟೈಮಿಂಗ್ ಬದಲಿಸುವ ಆಲೋಚನೆ ಹೊಸದೇನಲ್ಲ. ಆಲ್ಫಾ ರೋಮಿಯೋ 1980ರಲ್ಲೇ ಮಾರಾಟದ ಕಾರಿಗೆ ಬದಲಾಗುವ ಟೈಮಿಂಗ್ ಹಾಕಿತ್ತು. ಹೋಂಡಾ ವಿಟೆಕ್ 1989ರಲ್ಲಿ, ಟೊಯೋಟಾ ವಿವಿಟಿ-ಐ 1996ರಲ್ಲಿ ಬಂತು. ನಮ್ಮ ರಸ್ತೆಗಳಲ್ಲಿ ಮಾರುತಿಯ ಕೆ-ಸೀರೀಸ್ ‘ವಿವಿಟಿ’, ಹುಂಡೈನ ‘ವಿಟಿವಿಟಿ’ ಎಂಬ ಬರಹ ಕಾಣುವ ಕಾರುಗಳೆಲ್ಲ ಈ ಕುಲದವೇ. ಡೀಸೆಲ್ ಕಾರಿನವರು ತಲೆ ಕೆಡಿಸಿಕೊಳ್ಳುವ ಅಗತ್ಯ ಕಡಿಮೆ. ಅಲ್ಲಿ ಕಾಣುವ ಚಿಕ್ಕ ಸೊಲೆನಾಯ್ಡ್‌ಗಳು ಸಾಮಾನ್ಯವಾಗಿ ಟರ್ಬೊ ಅಥವಾ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್‌ಗೆ ಸೇರಿದವು.

ಈಗ ಕೋಡುಗಳಿಗೆ ಬರೋಣ. ಪಿ0010 ಎಂದರೆ ಇನ್‌ಟೇಕ್ ಕ್ಯಾಮಿನ ಸೊಲೆನಾಯ್ಡಿಗೆ ಹೋಗುವ ವಿದ್ಯುತ್ ದಾರಿಯಲ್ಲಿ ತೊಂದರೆ: ಕಾಯಿಲ್ ತುಂಡಾಗಿರಬಹುದು, ಶಾರ್ಟ್ ಆಗಿರಬಹುದು, ತಂತಿ ಕಡಿದಿರಬಹುದು. ಎಕ್ಸಾಸ್ಟ್ ಕ್ಯಾಮಿಗೆ ಇದೇ ಅರ್ಥದ ಕೋಡ್ ಪಿ0013. ಪಿ0011 ಹೇಳುವುದು ಬೇರೆ ಸಂಗತಿ. ಇನ್‌ಟೇಕ್ ಕ್ಯಾಮ್ ಇರಬೇಕಾದ ಕೋನಕ್ಕಿಂತ ಮುಂದೆ ಹೋಗಿ ನಿಂತಿದೆ, ಇಸಿಯು ಕರೆದರೂ ಹಿಂದೆ ಬರುತ್ತಿಲ್ಲ ಎಂದಷ್ಟೇ ಅದು ಹೇಳುತ್ತದೆ. ಪಿ0012 ಅದರ ಉಲ್ಟಾ, ಹಿಂದೆಯೇ ಉಳಿದಿದೆ ಎಂದು. ಎಕ್ಸಾಸ್ಟಿಗೆ ಇವೇ ಪಿ0014, ಪಿ0015. ವಿ-6 ಎಂಜಿನ್ನಿನ ಸಿಲಿಂಡರುಗಳ ಎರಡನೇ ಸಾಲಿಗೆ ಪಿ0020ರಿಂದ ಪಿ0025ರವರೆಗೆ. ಟೊಯೋಟಾದ ಹಲವು ಎಂಜಿನ್‌ಗಳಲ್ಲಿ ಬೇಕಾದ ಕೋನಕ್ಕೂ ಇರುವ ಕೋನಕ್ಕೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ನಾಲ್ಕೈದು ಸೆಕೆಂಡು ಉಳಿದರೆ ಸಾಕು, ಈ ಕೋಡ್ ಬೀಳುತ್ತದೆ. ಕ್ಯಾಮ್ ಏಕೆ ಅಲ್ಲಿ ನಿಂತಿತು ಎಂಬುದು ಇಸಿಯುಗೆ ಗೊತ್ತಿಲ್ಲ. ಆಯಿಲ್ ಕಡಿಮೆಯಿರಬಹುದು, ಆಯಿಲ್ ತಪ್ಪು ಗ್ರೇಡಿನದಿರಬಹುದು, ಸ್ಪೂಲ್ ಅಂಟಿರಬಹುದು, ಆಯಿಲ್ ಸೋಸುವ ಜಾಲರಿ ಕಟ್ಟಿರಬಹುದು, ಫೇಸರ್ ಸವೆದಿರಬಹುದು, ಚೈನ್ ಹಿಗ್ಗಿರಬಹುದು. ಹೊಸ ಸೊಲೆನಾಯ್ಡ್ ಹಾಕಿದರೆ ಇಷ್ಟರಲ್ಲಿ ಒಂದೋ ಎರಡೋ ಕಾರಣ ಮಾತ್ರ ಹೋಗುತ್ತದೆ.

ಪಿ0016 ಇನ್ನೂ ಗಂಭೀರ. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳು ಹೇಳುವ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. ಪಿ0011ರ ಜೊತೆ ಪಿ0016 ಕೂಡ ಇದ್ದರೆ ಚೈನ್ ಉದ್ದವಾಗಿದೆಯೇ, ಹಲ್ಲು ಹಾರಿದೆಯೇ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸೋತಿದೆಯೇ ಎಂದು ಮೊದಲು ನೋಡಬೇಕು. ಆ ಸ್ಥಿತಿಯಲ್ಲಿ ಕಾರನ್ನು ಓಡಿಸುತ್ತಾ ಸೊಲೆನಾಯ್ಡ್ ಪ್ರಯೋಗ ಮಾಡುವುದು ಅಪಾಯ; ಚೈನ್ ಇನ್ನೂ ಹಾರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಹೊಡೆಯುತ್ತದೆ.

ಸ್ಕ್ಯಾನರ್ ಇಲ್ಲದೆಯೂ ಲಕ್ಷಣಗಳಿಂದ ಅರ್ಧ ವಿಷಯ ತಿಳಿಯುತ್ತದೆ. ಇನ್‌ಟೇಕ್ ಕ್ಯಾಮ್ ಅಡ್ವಾನ್ಸಿನಲ್ಲೇ ಸಿಕ್ಕಿಕೊಂಡರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವುಗಳು ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚುತ್ತದೆ, ಸುಟ್ಟ ಹೊಗೆ ಒಳಗೇ ಉಳಿಯುತ್ತದೆ. ಐಡ್ಲಿಂಗಿನಲ್ಲಿ ಅದು ತಡೆದುಕೊಳ್ಳದು: ಎಂಜಿನ್ ನಡುಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ಅದೇ ಕಾರು ಹೆದ್ದಾರಿಯಲ್ಲಿ ಸರಿಯಾಗಿಯೇ ಓಡಬಹುದು. ರಿಟಾರ್ಡಿನಲ್ಲಿ ಸಿಕ್ಕಿಕೊಂಡರೆ ಕಥೆ ಉಲ್ಟಾ. ಐಡ್ಲಿಂಗ್ ನಯವಾಗಿರುತ್ತದೆ, ಪಿಕಪ್ ಇರುವುದಿಲ್ಲ, ಘಾಟಿ ಹತ್ತುವಾಗ ಗೇರ್ ಇಳಿಸುತ್ತಲೇ ಇರಬೇಕು, ಮೈಲೇಜ್ ಬೀಳುತ್ತದೆ. ಇವನ್ನು ಕೇಳಿ ತಿಳಿದುಕೊಳ್ಳದೆ ಬಾನೆಟ್ ಎತ್ತುವ ಮೆಕ್ಯಾನಿಕ್ ಅರ್ಧ ಕೆಲಸ ಬಿಟ್ಟಂತೆ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡು ಚೈನ್ ಕಡೆಯಿಂದ ಗಡಗಡ ಸದ್ದು ಬಂದು ನಿಂತರೆ ಅದು ಬಹುಪಾಲು ಫೇಸರಿನ ಲಾಕ್ ಪಿನ್ ಸವೆದ ಸದ್ದು, ಅಥವಾ ರಾತ್ರಿ ಆಯಿಲ್ ಪೂರ್ತಿ ಕೆಳಗಿಳಿದ ಸದ್ದು. ಎರಡನೆಯದಕ್ಕೆ ಅಗ್ಗದ ಆಯಿಲ್ ಫಿಲ್ಟರ್ ಕಾರಣವಿರಬಹುದು; ಒಳಗಿನ ರಬ್ಬರ್ ತಡೆವಾಲ್ವ್ ಇಲ್ಲದ ಫಿಲ್ಟರುಗಳೂ ಮಾರುಕಟ್ಟೆಯಲ್ಲಿವೆ. ಸೊಲೆನಾಯ್ಡ್ ಬದಲಿಸಿದರೆ ಆ ಸದ್ದು ಹೋಗುವುದಿಲ್ಲ.

ಪರೀಕ್ಷೆಯ ಕ್ರಮ ಹೀಗಿರಬೇಕು. ಹಣ ಖರ್ಚಾಗದ ಕೆಲಸ ಮೊದಲು, ಚೈನ್ ಕವರ್ ಬಿಚ್ಚುವ ಕೆಲಸ ಕೊನೆಗೆ.

ಕೋಡ್ ಓದಿ, ಬರೆದಿಟ್ಟುಕೊಳ್ಳಿ. ಅಳಿಸಬೇಡಿ. ಕೋಡಿನ ಜೊತೆ ‘ಫ್ರೀಜ್ ಫ್ರೇಮ್’ ಎಂಬ ದಾಖಲೆ ಇರುತ್ತದೆ: ದೀಪ ಹೊತ್ತಿದ ಕ್ಷಣದಲ್ಲಿ ಆರ್‌ಪಿಎಂ ಎಷ್ಟು, ಎಂಜಿನ್ ಬಿಸಿ ಎಷ್ಟು, ವೇಗ ಎಷ್ಟು. ಬಿಸಿ ಎಂಜಿನ್ನಿನಲ್ಲಿ, ಐಡ್ಲಿಂಗಿನಲ್ಲಿ ಬಿದ್ದ ಕೋಡ್ ಆಯಿಲ್ ಒತ್ತಡದ ಕಡೆ ಬೆರಳು ತೋರಿಸುತ್ತದೆ. ತಣ್ಣಗಿದ್ದಾಗ ಮಾತ್ರ ಬೀಳುವ ಕೋಡ್ ದಪ್ಪ ಆಯಿಲಿನ ಕಡೆ ಅಥವಾ ಅಂಟಿದ ಸ್ಪೂಲಿನ ಕಡೆ. ಕೋಡ್ ಅಳಿಸಿದರೆ ಇದೂ ಅಳಿಯುತ್ತದೆ. 2013ರ ಏಪ್ರಿಲ್‌ನಿಂದ ಈಚಿನ ಕಾರುಗಳಲ್ಲಿ ದೋಷಗಳನ್ನು ದಾಖಲಿಸುವ ಒಬಿಡಿ-2 ಏರ್ಪಾಡು ಕಡ್ಡಾಯವಾಗಿರುವುದರಿಂದ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಹಾಕುವ ಅಗ್ಗದ ಬ್ಲೂಟೂತ್ ಡಾಂಗಲ್ಲಿನಿಂದಲೂ ಇಷ್ಟನ್ನು ಓದಬಹುದು. ಕ್ಯಾಮಿನ ಬೇಕಾದ ಕೋನ, ಇರುವ ಕೋನ ಎರಡನ್ನೂ ಅಕ್ಕಪಕ್ಕ ನೋಡಬೇಕಾದರೆ ಬಹುತೇಕ ಆಯಾ ಕಂಪನಿಯ ಮಾಹಿತಿ ಓದಬಲ್ಲ ಸ್ಕ್ಯಾನರೇ ಬೇಕು.

ಎರಡನೆಯದು ಆಯಿಲ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಕಡೆಯ ವಿವಿಟಿ ತೊಂದರೆಗಳ ಬೇರು ಬಹುಪಾಲು ಇಲ್ಲೇ ಇದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಿಸಿಯಾದ ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಕೆಳಗಿನ ಗುರುತಿಗಿಂತ ಕಡಿಮೆಯಿದ್ದರೆ ಮೊದಲು ತುಂಬಿಸಿ, ಆಮೇಲೆ ಮಾತು. ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆದರೂ ಫೇಸರ್ ತನ್ನ ಸ್ಥಾನ ಹಿಡಿಯಲಾರದು. ಗುರುತಿಗಿಂತ ತೀರಾ ಮೇಲಿದ್ದರೂ ಕೆಟ್ಟದ್ದೇ. ಕ್ರ್ಯಾಂಕ್ ಬಡಿದು ಆಯಿಲ್ ನೊರೆಯಾಗುತ್ತದೆ, ನೊರೆ ರೆಕ್ಕೆಯನ್ನು ಗಟ್ಟಿಯಾಗಿ ತಳ್ಳದು. ಇನ್ನು ಗ್ರೇಡ್, ಅಂದರೆ ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಎಂಬ ಗುರುತು. ಮಾಲೀಕರ ಕೈಪಿಡಿಯಲ್ಲಿ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಎಂದಿದ್ದರೆ ಅದನ್ನೇ ಹಾಕಬೇಕು. ‘ನಮ್ಮ ಬಿಸಿಲಿಗೆ ದಪ್ಪ ಆಯಿಲ್ಲೇ ಒಳ್ಳೇದು’ ಎಂದು ಬ್ಯಾರೆಲ್ಲಿನಿಂದ 20ಡಬ್ಲ್ಯು-50 ಸುರಿಯುವ ಅಭ್ಯಾಸ ಹಳೆಯ ಅಂಬಾಸಿಡರ್ ಕಾಲದ್ದು. ಆ ಎಂಜಿನ್ನಿನಲ್ಲಿ ಆಯಿಲಿಗೆ ಜಾರಿಸುವ ಕೆಲಸ ಇತ್ತು; ಇಲ್ಲಿ ಕೂದಲಿನ ದಪ್ಪಕ್ಕಿಂತ ಕಡಿಮೆ ಅಂತರದಲ್ಲಿ ಹರಿದು ಭಾಗವೊಂದನ್ನು ತಳ್ಳುವ ಕೆಲಸವೂ ಇದೆ. ಮಡಿಕೇರಿಯ ಡಿಸೆಂಬರ್ ಬೆಳಗ್ಗೆ 20ಡಬ್ಲ್ಯು-50 ಆ ಸಂದುಗಳಲ್ಲಿ ನಿಧಾನಕ್ಕೆ ಹರಿಯುತ್ತದೆ, ಕ್ಯಾಮ್ ತಡವಾಗಿ ಬರುತ್ತದೆ, ಇಸಿಯು ಕೋಡ್ ಬರೆಯುತ್ತದೆ. ಭಾಗ ಯಾವುದೂ ಕೆಟ್ಟಿರುವುದಿಲ್ಲ.

ಬೆಂಗಳೂರಿನ ಕಾರಿಗೆ ಇನ್ನೊಂದು ಲೆಕ್ಕವಿದೆ. ಓಡೋಮೀಟರ್ 6,000 ಕಿ.ಮೀ. ತೋರಿಸುತ್ತಿದ್ದರೂ ಸಿಲ್ಕ್ ಬೋರ್ಡ್, ಹೆಬ್ಬಾಳಗಳಲ್ಲಿ ನಿಂತಲ್ಲೇ ಓಡಿದ ಗಂಟೆಗಳನ್ನು ಅದು ತೋರಿಸುವುದಿಲ್ಲ. ನಾಲ್ಕು ಕಿ.ಮೀ. ದೂರದ ಕಚೇರಿಗೆ ಮಾತ್ರ ಹೋಗಿ ಬರುವ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗಿನ ತೇವ, ಪೆಟ್ರೋಲ್ ಆವಿ ಆರದೆ ಕಿಟ್ಟ ಕಟ್ಟುತ್ತದೆ. ಕಾರು ಕಂಪನಿಗಳ ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆ ಬೇರೆ ವೇಳಾಪಟ್ಟಿ ಇರುತ್ತದೆ, ಯಾರೂ ಆ ಪುಟ ತೆರೆಯುವುದಿಲ್ಲ. ನಗರದ ಕಾರಿಗೆ ಅದೇ ಸರಿಯಾದ ಪುಟ. ಸಿಎನ್‌ಜಿ ಟ್ಯಾಕ್ಸಿಯವರಿಗೆ ಒಂದು ಮಾತು: ಅನಿಲದಲ್ಲಿ ಮಸಿ ಕಡಿಮೆ, ಆದ್ದರಿಂದ ಆಯಿಲ್ ಬಹಳ ದಿನ ಜೇನಿನ ಬಣ್ಣದಲ್ಲೇ ಇರುತ್ತದೆ. ಬಣ್ಣ ನೋಡಿ ‘ಇನ್ನೂ ಚೆನ್ನಾಗಿದೆ’ ಎಂದು ಮುಂದೂಡಬೇಡಿ. ಬಿಸಿಗೆ ಅದರ ಗುಣ ಕೆಡುತ್ತಲೇ ಇರುತ್ತದೆ.

ಆಯಿಲ್ ಸರಿಯಿದ್ದರೆ ಕನೆಕ್ಟರ್. ಬಿಚ್ಚಿ ನೋಡಿ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ? ಒಳಗೆ ಆಯಿಲ್ ತುಂಬಿದೆಯೇ? ತುಂಬಿದ್ದರೆ ಸೊಲೆನಾಯ್ಡಿನ ಒಳ ಸೀಲ್ ಹೋಗಿದೆ; ಆಗ ಭಾಗ ಬದಲಿಸುವುದೇ ಸರಿ, ಒರೆಸಿ ಹಾಕಿದರೆ ಪ್ರಯೋಜನವಿಲ್ಲ. ಮರ್ಸಿಡಿಸ್‌ನ ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್ ಮ್ಯಾಗ್ನೆಟ್ಟಿನಿಂದ ಸೋರಿದ ಆಯಿಲ್ ತಂತಿಯ ಒಳಗಿನ ಎಳೆಗಳ ಮೂಲಕವೇ ಏರಿ ಇಸಿಯು ತನಕ ಹೋಗುವುದು ಪ್ರಸಿದ್ಧ ಕಾಯಿಲೆ. ಮಳೆಗಾಲದಲ್ಲಿ, ಕಾರು ವಾರಗಟ್ಟಲೆ ನಿಂತಿದ್ದರೆ, ಇಲಿ ಕಡಿದ ಗುರುತನ್ನೂ ಹುಡುಕಿ. ಪಿ0010 ಬಂದ ಎಷ್ಟೋ ಕಾರುಗಳಲ್ಲಿ ತಪ್ಪು ಇಲಿಯದು.

ಆಮೇಲೆ ಮಲ್ಟಿಮೀಟರ್. ಕನೆಕ್ಟರ್ ಬಿಚ್ಚಿ, 200 ಓಮ್ ಶ್ರೇಣಿಗೆ ಇಟ್ಟು, ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಬರುವ 0.2-0.5 ಓಮ್ ಕಡ್ಡಿಗಳದ್ದು, ಅದನ್ನು ಕಳೆಯಬೇಕು. ಸೊಲೆನಾಯ್ಡಿನ ಎರಡು ಪಿನ್ನುಗಳ ನಡುವೆ ಟೊಯೋಟಾದ ಮತ್ತು ಹುಂಡೈನ ಹಲವು ಎಂಜಿನ್‌ಗಳಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 6.9ರಿಂದ 7.9 ಓಮ್ ಇರಬೇಕು. ಇತರ ಕಾರುಗಳಿಗೆ ಸರ್ವಿಸ್ ಪುಸ್ತಕ ನೋಡಿ. ಈ ‘20 ಡಿಗ್ರಿ’ಯನ್ನು ಮರೆಯುವುದೇ ದೊಡ್ಡ ಎಡವಟ್ಟು. ತಾಮ್ರದ ರೋಧ ಒಂದೊಂದು ಡಿಗ್ರಿಗೆ ಸುಮಾರು ಶೇ 0.39ರಷ್ಟು ಏರುತ್ತದೆ. ಕಲಬುರಗಿಯ ಮೇ ತಿಂಗಳ 42 ಡಿಗ್ರಿಯಲ್ಲಿ ಅದೇ ಒಳ್ಳೆಯ ಸೊಲೆನಾಯ್ಡ್ 7.5ರಿಂದ 8.6 ಓಮ್ ತೋರಿಸುತ್ತದೆ. ಓಡಿ ಬಂದ ಎಂಜಿನ್ನಿನಲ್ಲಿ 80 ಡಿಗ್ರಿಗೆ ಕಾದಿದ್ದರೆ 8.5ರಿಂದ 9.7. ಬಿಸಿ ಎಂಜಿನ್ನಿನಲ್ಲಿ 9 ಓಮ್ ಓದಿ ‘ಲಿಮಿಟ್ ದಾಟಿದೆ’ ಎಂದು ಒಳ್ಳೆಯ ಭಾಗವನ್ನು ಕಸಕ್ಕೆ ಹಾಕಿದರೆ ನಷ್ಟ ಯಾರದು? ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಒಂದೆರಡು ಓಮ್ ಮಾತ್ರ ಬಂದರೆ ಒಳಗೆ ಶಾರ್ಟ್. ಒಂದು ಪಿನ್ನಿಗೂ ಲೋಹದ ಮೈಗೂ ನಡುವೆ ರೋಧ ಕಾಣಿಸಿದರೆ ಅದೂ ಕೆಟ್ಟಿದೆ. ಅಲ್ಲಿ ಸಂಪರ್ಕವೇ ಇರಬಾರದು.

ತಂತಿಯ ಕಡೆ ಕೀ ಆನ್ ಮಾಡಿ ವೋಲ್ಟ್ ಅಳೆಯಿರಿ. ಹಲವು ಕಾರುಗಳಲ್ಲಿ ಒಂದು ಪಿನ್ನಿಗೆ ರಿಲೇ ಮೂಲಕ ಬ್ಯಾಟರಿಯಷ್ಟೇ ವೋಲ್ಟ್ ಬರುತ್ತದೆ, ಇನ್ನೊಂದನ್ನು ಇಸಿಯು ಅರ್ತ್‌ಗೆ (ಬ್ಯಾಟರಿಯ ಮೈನಸ್ ಕಡೆಗೆ) ಜೋಡಿಸುತ್ತದೆ. ಟೊಯೋಟಾದ ಹಲವು ಕಾರುಗಳಲ್ಲಿ ಎರಡೂ ತಂತಿ ಇಸಿಯುವಿನಿಂದಲೇ ಬರುತ್ತವೆ, ಹಾಗಾಗಿ ಎಂಜಿನ್ ನಿಂತಿದ್ದಾಗ 12 ವೋಲ್ಟ್ ಸಿಗದಿದ್ದರೆ ತಂತಿ ಕಡಿದಿದೆ ಎಂದು ತೀರ್ಮಾನಿಸಬಾರದು. ವೈರಿಂಗ್ ನಕ್ಷೆ ಎದುರಿಗಿಟ್ಟುಕೊಂಡೇ ಈ ಹೆಜ್ಜೆ.

ಕಾಯಿಲ್ ಸರಿಯಿದೆ, ತಂತಿ ಸರಿಯಿದೆ ಎಂದಾದರೆ ಎಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಮುಂದಿನದು. ಅದನ್ನು ಯಾಕೋ ತುಂಬಾ ಕಡಿಮೆ ಜನ ಮಾಡುತ್ತಾರೆ. ಎಂಜಿನ್ ಬಿಸಿ ಮಾಡಿ ಐಡ್ಲಿಂಗಿನಲ್ಲಿ ಬಿಡಿ. ಇನ್‌ಟೇಕ್ ಸೊಲೆನಾಯ್ಡಿನ ಕನೆಕ್ಟರ್ ತೆಗೆಯಿರಿ. ನಡುಗುತ್ತಿದ್ದ ಎಂಜಿನ್ ತಕ್ಷಣ ನಯವಾದರೆ ಸ್ಪೂಲ್ ಜಾರುತ್ತಿದೆ, ತಪ್ಪು ಆದೇಶ ತಂತಿಯಿಂದ ಅಥವಾ ಇಸಿಯುವಿನಿಂದ ಬರುತ್ತಿದೆ. ಏನೂ ಬದಲಾಗದೆ ನಡುಗುತ್ತಲೇ ಇದ್ದರೆ ಸ್ಪೂಲೋ ಫೇಸರೋ ಅಡ್ವಾನ್ಸಿನಲ್ಲೇ ಅಂಟಿರಬಹುದು. ಈಗ ಬ್ಯಾಟರಿಯಿಂದ 5 ಆಂಪಿಯರ್ ಫ್ಯೂಸ್ ಹಾಕಿದ ಎರಡು ತಂತಿಗಳಲ್ಲಿ ಸೊಲೆನಾಯ್ಡಿನ ಪಿನ್ನುಗಳಿಗೆ ಒಂದೆರಡು ಸೆಕೆಂಡು 12 ವೋಲ್ಟ್ ಕೊಡಿ. 7 ಓಮ್ ಕಾಯಿಲ್ ಸುಮಾರು 1.7 ಆಂಪಿಯರ್ ಎಳೆಯುತ್ತದೆ. ಎಂಜಿನ್ ಕೂಡಲೇ ಮುಗ್ಗರಿಸಿ ನಿಲ್ಲುವಂತಾಗಬೇಕು, ಅಥವಾ ನಿಂತೇಬಿಡಬೇಕು. ತಂತಿ ತೆಗೆದ ಕೂಡಲೇ ಸುಧಾರಿಸಬೇಕು. ಹಾಗಾದರೆ ಸೊಲೆನಾಯ್ಡ್, ಆಯಿಲ್ ದಾರಿ, ಫೇಸರ್ ಮೂರೂ ಓಡಾಡುತ್ತಿವೆ ಎಂದು ಒಂದೇ ಏಟಿಗೆ ಗೊತ್ತಾಯಿತು, ಕೋಡಿನ ಕಾರಣ ಬೇರೆಡೆ ಹುಡುಕಬೇಕು. ಎಂಜಿನ್ ಏನೂ ಆಗದಂತೆ ಓಡುತ್ತಲೇ ಇದ್ದರೆ ಈ ಮೂರರಲ್ಲಿ ಒಂದು ಸಿಕ್ಕಿಕೊಂಡಿದೆ. ಒಳ್ಳೆಯ ಸ್ಕ್ಯಾನರ್ ಇದ್ದರೆ ‘ಆ್ಯಕ್ಟಿವ್ ಟೆಸ್ಟ್’ ಎಂಬಲ್ಲಿ ಇದೇ ಕೆಲಸವನ್ನು ಗುಂಡಿ ಒತ್ತಿ ಮಾಡಬಹುದು, ಅದು ಇನ್ನೂ ಕ್ಷೇಮ.

ಕೆಲವು ಎಚ್ಚರಿಕೆ. ಬ್ಯಾಟರಿ ತಂತಿಯನ್ನು ಸೊಲೆನಾಯ್ಡಿಗೆ ಮಾತ್ರ ಕೊಡಿ. ವೈರಿಂಗ್ ಕಡೆಯ ಕನೆಕ್ಟರಿಗೆ ತಾಗಿಸಿದರೆ ಇಸಿಯು ಸುಟ್ಟೀತು. ಮತ್ತೆ, ಹೊಸ ಕಾರುಗಳಲ್ಲಿ ಕೆಲವಕ್ಕೆ ಆಯಿಲ್ ಬದಲು ವಿದ್ಯುತ್ ಮೋಟಾರೇ ಕ್ಯಾಮನ್ನು ಸರಿಸುತ್ತದೆ; ಅಂಥದ್ದಕ್ಕೆ ಈ ಪರೀಕ್ಷೆ ಮಾಡಲೇಬಾರದು. ಫೇಸರ್ ನಡುವೆ ಲಾಕ್ ಆಗುವ ಎಂಜಿನ್‌ಗಳೂ ಇವೆ, ಅಲ್ಲಿ ಲಕ್ಷಣ ಸ್ವಲ್ಪ ಬೇರೆ. ವಾರಂಟಿ ಇರುವ ಕಾರಿಗೆ ಇದ್ಯಾವುದೂ ಮನೆಯಲ್ಲಿ ಬೇಡ.

ಸಿಕ್ಕಿಕೊಂಡಿದೆ ಎಂದು ಖಚಿತವಾದ ಮೇಲೆ ಸೊಲೆನಾಯ್ಡ್ ಹೊರತೆಗೆಯಿರಿ. ಸಾಮಾನ್ಯವಾಗಿ ಹತ್ತರ ಪಾನಾ ಹಿಡಿಯುವ ಒಂದೇ ಬೋಲ್ಟ್. ಎಂಜಿನ್ ತಣ್ಣಗಿರಲಿ, ಸುತ್ತಲಿನ ಧೂಳನ್ನು ಮೊದಲು ಒರೆಸಿ, ತಿರುಚುತ್ತಾ ನಿಧಾನಕ್ಕೆ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಪ್ಲಾಸ್ಟಿಕ್ ಕುತ್ತಿಗೆ ಮುರಿಯುತ್ತದೆ. ಹೊರಗೆ ಇಟ್ಟು 12 ವೋಲ್ಟ್ ಒಂದು ಕ್ಷಣ ಕೊಟ್ಟರೆ ಸ್ಪೂಲ್ ‘ಟಕ್’ ಎಂದು ಪೂರ್ತಿ ಸರಿಯಬೇಕು, ತೆಗೆದರೆ ಪೂರ್ತಿ ಹಿಂದೆ ಬರಬೇಕು. ಸದ್ದು ಬಂದರೆ ಸಾಲದು. ಕೊಳವೆಯ ಕಿಂಡಿಯಿಂದ ಕಣ್ಣಿಟ್ಟು ನೋಡಬೇಕು. ಅರ್ಧಕ್ಕೆ ನಿಂತು ಸದ್ದು ಮಾಡುವ ಸ್ಪೂಲುಗಳೇ ಹೆಚ್ಚು ಮೋಸ ಮಾಡುತ್ತವೆ. ಜಾಲರಿಯಿದ್ದರೆ ಬೆಳಕಿಗೆ ಹಿಡಿಯಿರಿ. ಅಲ್ಲಿ ಕಪ್ಪು ಕಿಟ್ಟ ಸಿಕ್ಕರೆ ಆಯಿಲ್ ಬದಲಿಸದ ಕಥೆ. ಬಣ್ಣದ ರಬ್ಬರ್‌ನಂಥ ಎಳೆ ಸಿಕ್ಕರೆ ಈಚೆಗೆ ಯಾರೋ ಎಂಜಿನ್ ತಳದ ಆಯಿಲ್ ಸಂಪ್ ಅಥವಾ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿ ಸಿಲಿಕೋನ್ ಸೀಲೆಂಟನ್ನು ಮೆತ್ತಿದ್ದಾರೆ. ಹೊಳೆಯುವ ಲೋಹದ ಪುಡಿ ಸಿಕ್ಕರೆ ಸೊಲೆನಾಯ್ಡಿನ ಯೋಚನೆ ಬಿಟ್ಟು ಬೇರಿಂಗು, ಚೈನ್ ಗೈಡುಗಳ ಯೋಚನೆ ಮಾಡಬೇಕು. ಕೆಲವು ಟೊಯೋಟಾ ಎಂಜಿನ್‌ಗಳಲ್ಲಿ ಜಾಲರಿ ಸೊಲೆನಾಯ್ಡಿನ ಮೇಲಿರದೆ ಸಿಲಿಂಡರ್ ಹೆಡ್ಡಿನ ಪಕ್ಕದ ಬೇರೆ ಬೋಲ್ಟಿನ ಹಿಂದೆ ಅಡಗಿರುತ್ತದೆ. ಹೊಸ ಸೊಲೆನಾಯ್ಡ್ ಹಾಕಿಯೂ ಅದನ್ನು ನೋಡದೆ ಬಿಟ್ಟರೆ ದೀಪ ಮತ್ತೆ ಹೊತ್ತುತ್ತದೆ.

ಅಂಟಿದ ಸ್ಪೂಲನ್ನು ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಸ್ವಚ್ಛ ಮಾಡಬಹುದು. ಮರಳುಕಾಗದ, ಎಮರಿ ಯಾವುದೂ ತಾಗಬಾರದು. ಒಂದು ಗೀರು ಬಿದ್ದರೂ ಆಯಿಲ್ ಒಳಗೇ ಸೋರುತ್ತದೆ. ಜಾಲರಿ ಹರಿದಿದ್ದರೆ ಸ್ವಚ್ಛ ಮಾಡಿ ಹಾಕುವುದು ಬೇಡ. ಓ-ರಿಂಗ್ ಹೊಸದೇ ಆಗಬೇಕು, ಆಯಿಲ್ ಹಚ್ಚಿ ಕೂರಿಸಿ. ಬೋಲ್ಟಿಗೆ 9-10 ನ್ಯೂಟನ್ ಮೀಟರ್ ಸಾಕು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಚಿಕ್ಕ ಬೋಲ್ಟ್ ಅದು, ಜೋರು ಮಾಡಿದರೆ ತೂತಿನ ಥ್ರೆಡ್ ಹೋಗುತ್ತದೆ. ಹೊಸದೇ ಬೇಕಾದರೆ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ‘ಇದೇ ಹೊಂದುತ್ತೆ ಸಾರ್’ ಎಂದು ಕೊಡುವುದನ್ನು ಆಕಾರ ನೋಡಿ ಕೊಳ್ಳಬೇಡಿ, ಪಾರ್ಟ್ ನಂಬರ್ ತಾಳೆ ನೋಡಿ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಸೊಲೆನಾಯ್ಡ್‌ಗಳು ನೋಡಲು ಒಂದೇ ಥರ ಇದ್ದರೂ ಒಳದಾರಿ ಉಲ್ಟಾ ಇರಬಹುದು. ಎರಡಕ್ಕೂ ಒಂದೇ ನಂಬರ್ ಇರುವ ಎಂಜಿನ್ನಾದರೆ ಮಾತ್ರ ಅದಲುಬದಲು ಮಾಡಿ ನೋಡುವ ಒಳ್ಳೆಯ ಉಪಾಯವುಂಟು: ಪಿ0011 ಹೋಗಿ ಎಕ್ಸಾಸ್ಟ್ ಕಡೆಯ ಕೋಡ್ ಬಂದರೆ ಸೊಲೆನಾಯ್ಡೇ ತಪ್ಪುಗಾರ, ಪಿ0011 ಅಲ್ಲೇ ಉಳಿದರೆ ಅಲ್ಲ.

ಅಂಟು ಕರಗಿಸಲು ಎಂಜಿನ್ ಫ್ಲಶ್ ಹಾಕಿಸಿ ಎಂಬ ಸಲಹೆಗೆ ನಮ್ಮ ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಕಟ್ಟಿದ ಕಿಟ್ಟ ಒಮ್ಮೆಗೇ ಕಳಚಿದರೆ ಅದು ಹೋಗಿ ಕೂರುವುದು ಪಂಪಿನ ಜಾಲರಿಯಲ್ಲಿ, ಇಲ್ಲವೇ ಇದೇ ಸೊಲೆನಾಯ್ಡಿನ ಜಾಲರಿಯಲ್ಲಿ. ಸರಿಯಾದ ಗ್ರೇಡಿನ ಆಯಿಲನ್ನು ಎರಡು ಮೂರು ಸಲ ಬೇಗ ಬೇಗ, ಫಿಲ್ಟರಿನ ಸಮೇತ ಬದಲಿಸುವುದು ನಿಧಾನವಾದರೂ ಕ್ಷೇಮ.

ಸೊಲೆನಾಯ್ಡ್ ಸರಿಯಿದ್ದೂ ಕ್ಯಾಮ್ ಅಲುಗದಿದ್ದರೆ ಆಯಿಲ್ ಒತ್ತಡವನ್ನು ಮೀಟರ್ ಹಾಕಿ ಅಳೆಯಬೇಕು. ಪ್ರೆಷರ್ ಸ್ವಿಚ್ ಬಿಚ್ಚಿ ಆ ತೂತಿಗೆ ಗೇಜ್ ಕೂರಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಓದಿ. ಕೆಂಪು ಆಯಿಲ್ ದೀಪ ಹೊತ್ತಿಲ್ಲವಲ್ಲ ಎಂಬ ವಾದ ನಿಲ್ಲುವುದಿಲ್ಲ: ಆ ಸ್ವಿಚ್ ಸಾಮಾನ್ಯವಾಗಿ ಅರ್ಧ ಬಾರ್‌ಗಿಂತಲೂ ಕೆಳಗಿಳಿದಾಗ ಮಾತ್ರ ದೀಪ ಹೊತ್ತಿಸುತ್ತದೆ, ಅಷ್ಟು ಒತ್ತಡದಲ್ಲಿ ಫೇಸರ್ ಎಂದೋ ಸೋತಿರುತ್ತದೆ. ಒತ್ತಡವೂ ಸರಿಯಿದ್ದರೆ ಮಾತ್ರ ಚೈನ್ ಕವರ್ ಬಿಚ್ಚಿ ಫೇಸರ್, ಚೈನ್ ನೋಡುವ ಮಾತು. ಅದು ದುಬಾರಿ ಕೆಲಸ. ಮೇಲಿನ ಎಲ್ಲ ಹೆಜ್ಜೆ ದಾಟದೆ ಅಲ್ಲಿಗೆ ಹೋಗುವಂತಿಲ್ಲ.

ಹೋಂಡಾದವರಿಗೆ ಪ್ರತ್ಯೇಕ ಎರಡು ಸಾಲು. ಹೋಂಡಾ ಸಿಟಿ ಕಾರಿನಲ್ಲಿ ಬಹುಕಾಲ ಬಂದ ಸಿಂಗಲ್ ಕ್ಯಾಮ್ ಐ-ವಿಟೆಕ್ ಎಂಜಿನ್ನಿನಲ್ಲಿ ಫೇಸರ್ ಇಲ್ಲ. ಅಲ್ಲಿನ ಸೊಲೆನಾಯ್ಡ್ ವಾಲ್ವುಗಳನ್ನು ಒತ್ತುವ ರಾಕರ್ ತೋಳುಗಳನ್ನು ಒಂದಕ್ಕೊಂದು ಸೇರಿಸುವ ಪಿನ್ನಿಗೆ ಆಯಿಲ್ ಕಳಿಸುತ್ತದೆ. ಕೋಡುಗಳು ಪಿ2646, ಪಿ2647, ಹೋಂಡಾ ವಿಟೆಕ್ ಸೊಲೆನಾಯ್ಡಿನ ಕಾಯಿಲ್ 14ರಿಂದ 30 ಓಮ್. 7 ಓಮ್ ಲೆಕ್ಕ ಅಲ್ಲಿಗೆ ಹಾಕಬೇಡಿ. ಆ ಕೋಡುಗಳಿಗೆ ಮೊದಲ ಶಂಕೆ ಯಾವಾಗಲೂ ಕಡಿಮೆಯಾದ ಆಯಿಲ್, ಎರಡನೆಯದು ಸೊಲೆನಾಯ್ಡಿನ ಕೆಳಗಿನ ಜಾಲರಿ ಗ್ಯಾಸ್ಕೆಟ್, ಮೂರನೆಯದು ಪಕ್ಕದ ಪ್ರೆಷರ್ ಸ್ವಿಚ್.

ದುರಸ್ತಿಯ ನಂತರ ಕೋಡ್ ಅಳಿಸಿ ಕಾರು ಕೊಟ್ಟುಬಿಡುವುದೂ ಸರಿಯಲ್ಲ. ಎಂಜಿನ್ 80 ಡಿಗ್ರಿ ದಾಟಿದ ಮೇಲೆ ಅರ್ಧ ಗಂಟೆ, 2,000ದಿಂದ 3,500 ಆರ್‌ಪಿಎಂ ನಡುವೆ, ಸ್ವಲ್ಪ ಏರು ಇರುವ ರಸ್ತೆಯಲ್ಲಿ ಓಡಿಸಬೇಕು. ನಡುವೆ ಎರಡು ಮೂರು ಸಲ ಐಡ್ಲಿಂಗಿಗೆ ಬರಬೇಕು. ಕ್ಯಾಮಿನ ಬೇಕಾದ ಕೋನವೂ ಇರುವ ಕೋನವೂ ಸ್ಕ್ಯಾನರಿನಲ್ಲಿ ಜೊತೆಜೊತೆಗೆ ಏರಿ ಇಳಿಯುವುದನ್ನು ನೋಡಬೇಕು. ಇನ್ನೂ ಖಚಿತವಾಗದ ಕೋಡುಗಳ ‘ಪೆಂಡಿಂಗ್’ ಪಟ್ಟಿಯಲ್ಲಿ ಏನೂ ಉಳಿಯಬಾರದು.

ನಮ್ಮ ಕೋರಿಕೆ ಇಷ್ಟು. ವಾಹನ ಪುಟಗಳಲ್ಲಿ ಕೋಡಿನ ಎದುರು ಭಾಗದ ಹೆಸರು ಬರೆಯುವ ಪದ್ಧತಿ ನಿಲ್ಲಲಿ. ಐಟಿಐಗಳ ಮೋಟಾರ್ ಮೆಕ್ಯಾನಿಕ್ ವಿಭಾಗಗಳು ವಿವಿಟಿ ಎಂಜಿನ್ನಿನ ಮೇಲೆ ಮಲ್ಟಿಮೀಟರ್ ಹಿಡಿಸಿ ಪರೀಕ್ಷೆ ಮಾಡಿಸಲಿ. ಗ್ಯಾರೇಜಿನವರು ಸೊಲೆನಾಯ್ಡ್ ಬದಲಿಸಿದ ಬಿಲ್ಲಿನ ಮೇಲೆ ಸಿಕ್ಕಿದ ಕೋಡ್, ಫ್ರೀಜ್ ಫ್ರೇಮ್, ಆಯಿಲಿನ ಮಟ್ಟ ಮತ್ತು ಗ್ರೇಡ್, ಓಮ್ ಎಷ್ಟು ಬಿಸಿಯಲ್ಲಿ ಎಷ್ಟು, ಸ್ಪೂಲ್ ಸರಿಯಿತೋ ಇಲ್ಲವೋ, ಇವನ್ನು ಕೈಬರಹದಲ್ಲಾದರೂ ಬರೆಯಲಿ. ಬಿಚ್ಚಿದ ಹಳೆಯ ಸೊಲೆನಾಯ್ಡನ್ನೂ ಗ್ರಾಹಕರ ಕೈಗೆ ಕೊಡಲಿ. ಅನುಮಾನವಿದ್ದವರು ಮನೆಯಲ್ಲೇ ಮೀಟರ್ ಇಟ್ಟು ಓಮ್ ನೋಡಿಕೊಳ್ಳಬಹುದು.

ಇಂತಿ,
ಕಾರು ಎಂಜಿನ್ ದುರಸ್ತಿ ಕಸುಬಿನವರು,
ಬೆಂಗಳೂರು